ಕೊಸರು ಕೇಳದ ಗಿರಾಕಿಗಳು

ಶ್ಯಾಮಲಾಳ ಕೈಯಲ್ಲಿ ದುಡ್ಡಿಲ್ಲ ಅಂದರೆ ಊರವರು ನಗುತ್ತಾರೆ. ಸರ್ಜಾಪುರ ರಸ್ತೆಯಿಂದ ಒಳಕ್ಕೆ, ಒಂದು ಕಾಲಕ್ಕೆ ರಾಗಿ ಹೊಲವಾಗಿದ್ದ ಜಾಗದಲ್ಲಿ, ಅವಳ ಗಂಡ ನಂದೀಶನ ಮೂರಂತಸ್ತಿನ ಕಟ್ಟಡ ನಿಂತಿದೆ. ಕೆಳಗೆ ಇವರು, ಮೇಲೆಲ್ಲ ಬಾಡಿಗೆ ಮನೆಗಳು. ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ. ಶ್ಯಾಮಲಾಳ ಕೊರಳಲ್ಲಿ ಎರಡೆಳೆ ಸರ, ಕೈತುಂಬ ಬಳೆ. ಇಂಥವಳಿಗೆ ಏನು ಕಡಿಮೆ ಅಂತ ಕೇಳಿದರೆ ಉತ್ತರ ಹೇಳುವುದು ಅವಳಿಗೂ ಕಷ್ಟವೇ.

ಕಡಿಮೆ ಇದ್ದದ್ದು ಇಷ್ಟು. ತಿಂಗಳ ಮೊದಲ ವಾರ ಮೆಟ್ಟಿಲು ಹತ್ತಿ ಬಾಡಿಗೆ ನೆನಪಿಸಿ ಬರುವವಳು ಅವಳು. ಬಾಡಿಗೆ ಬಂದು ಬೀಳುವುದು ಮಾತ್ರ ನಂದೀಶನ ಖಾತೆಗೆ. ಆಮೇಲೆ ಅವಳಿಗೆ ಏನು ಬೇಕಾದರೂ ಕೇಳಬೇಕು. ನಂದೀಶ ಕೆಟ್ಟವನಲ್ಲ, ಕೇಳಿದಾಗ ಇಲ್ಲ ಎಂದವನೂ ಅಲ್ಲ. ಕೊಡುವುದಕ್ಕೆ ಮುಂಚೆ ಒಂದೇ ಮಾತು ಕೇಳುತ್ತಾನೆ, "ಯಾಕೆ?" ಬೈಯುವ ಯಾಕೆ ಅಲ್ಲ ಅದು, ಬರೀ ಅಭ್ಯಾಸ. ರವಿಕೆ ಬಟ್ಟೆಗೂ ಯಾಕೆ, ತಲೆನೋವಿನ ಮಾತ್ರೆಗೂ ಯಾಕೆ. ಮದುವೆಯಾದಾಗಿನಿಂದ ಆ ಯಾಕೆಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿ ಹೋಗಿತ್ತು.

ಹೋದ ವರ್ಷ ತಮ್ಮನ ಮಗುವಿನ ನಾಮಕರಣಕ್ಕೆ ಉಂಗುರ ಕೊಟ್ಟಾಗ ತವರಿನವರೆಲ್ಲ, "ನಂದೀಶಪ್ಪನ ಕೈ ದೊಡ್ಡದು" ಅಂದರು. ಉಂಗುರ ಆರಿಸಲು ಅಂಗಡಿ ಅಂಗಡಿ ತಿರುಗಿದ್ದು ಶ್ಯಾಮಲಾ. ಅವಳ ಕೈಯ ಅಳತೆಯನ್ನು ಯಾರೂ ತೆಗೆಯಲಿಲ್ಲ. ಈ ಸಲ ಮಾಘದಲ್ಲಿ ಅಕ್ಕನ ಮಗಳ ಮದುವೆ. ಆ ಹುಡುಗಿಗೆ ಒಂದು ಜೊತೆ ಓಲೆ ಕೊಡಬೇಕು, ಎಷ್ಟೇ ಸಣ್ಣದಾಗಲಿ, ತನ್ನ ಸ್ವಂತ ದುಡ್ಡಿನಲ್ಲಿ ಕೊಡಬೇಕು ಅಂತ ಅವಳ ಮನಸ್ಸಿಗೆ ಬಂತು. ಬಂದದ್ದು ಹೋಗಲೇ ಇಲ್ಲ.

ಅವರೆಕಾಯಿ ಕಾಲ ಅದು. ಹೊಲವೆಲ್ಲ ಕಟ್ಟಡವಾದ ಮೇಲೂ ಮನೆ ಹಿಂದೆ ಒಂದು ತುಂಡು ನೆಲ ಉಳಿದಿದೆ. ಅಲ್ಲಿ ಅತ್ತೆ ಚಿಕ್ಕಮುನಿಯಮ್ಮ ಹಟ ಹಿಡಿದು ಪ್ರತಿ ವರ್ಷ ಅವರೆ ಹಾಕಿಸುತ್ತಾಳೆ. ಮಂಜು ಬಿದ್ದು ಕಾಯಿಗೆ ಸೊಗಡು ಹತ್ತಿತೆಂದರೆ ಬೀದಿಯ ಆ ತುದಿಗೂ ವಾಸನೆ ಹೋಗುತ್ತದೆ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳುಗಳ ನಡುವೆ ಹಿದುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಹಿದುಕಿದ ಬೇಳೆ ಸಾರೆಂದರೆ ಈ ಕಡೆಯವರು ಪ್ರಾಣ ಬಿಡುತ್ತಾರೆ. ಹಿದುಕೋಣ ಬನ್ನಿ ಎಂದರೆ ಎಲ್ಲರಿಗೂ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ.

ಎರಡನೇ ಮಹಡಿಯಲ್ಲಿ ಕಾವ್ಯಾ ಅಂತ ಕೊಪ್ಪಳದ ಕಡೆಯ ಹುಡುಗಿ ಇದ್ದಾಳೆ, ಕಂಪನಿ ಕೆಲಸದವಳು. ಒಂದು ಸಂಜೆ ಶ್ಯಾಮಲಾ ಅವಳಿಗೆ ಒಂದು ಬಟ್ಟಲು ಸಾರು ಕೊಟ್ಟಳು. ಮರುದಿನ ಬಟ್ಟಲು ವಾಪಸ್ ಕೊಡುತ್ತಾ ಕಾವ್ಯಾ, "ಅಕ್ಕಾ, ಸೂಪರ್ ಇತ್ತು. ಈ ಬೇಳೆ ನೀವು ಪ್ಯಾಕ್ ಮಾಡಿ ಮಾರಬಹುದು ನೋಡ್ರಿ" ಅಂದಳು. ಬಟ್ಟಲು ಕೊಡುವಾಗ ಎಲ್ಲರೂ ಆಡುವಂಥ ಮಾತು. ಶ್ಯಾಮಲಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು.

ಅತ್ತೆ ಸೊಸೆ ಮಧ್ಯಾಹ್ನವೆಲ್ಲ ಕೂತು ಹಿದುಕಿದರು. ಸಂಜೆ ಶ್ಯಾಮಲಾ ಪ್ಯಾಕೆಟ್ಟುಗಳನ್ನು ಚೀಲಕ್ಕೆ ತುಂಬಿ ಮಹಡಿ ಹತ್ತಿದಳು. ಮೊದಲ ಮಹಡಿಯ ಒಡಿಶಾದ ಹುಡುಗರು ಒಂದು ತಗೊಂಡರು. ಕೇರಳದ ನರ್ಸ್ ಒಂದು, ಕಾವ್ಯಾ ಒಂದು. ಬಾಗಿಲು ತೆರೆದವರು ಒಬ್ಬರೂ ಬರಿಗೈಯಲ್ಲಿ ಕಳಿಸಲಿಲ್ಲ, ಒಬ್ಬರೂ ಬೆಲೆ ಜಾಸ್ತಿ ಎನ್ನಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದಳು, ಮತ್ತೆ ಎಲ್ಲರೂ ತಗೊಂಡರು. ವ್ಯಾಪಾರ ಅಂದರೆ ಇಷ್ಟು ಸುಲಭವಾ ಅಂತ ಅವಳಿಗೇ ಆಶ್ಚರ್ಯ. ಪೋಸ್ಟಾಫೀಸಿಗೆ ಹೋಗಿ ತನ್ನೊಬ್ಬಳ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದಳು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದಳು.

ಚಿಕ್ಕಮುನಿಯಮ್ಮ ಮಾತ್ರ ಒಂದು ದಿನ ಕಾಳು ಹಿದುಕುತ್ತಾ ಕೇಳಿದಳು. "ಶ್ಯಾಮ್ಲ, ಮೇಲ್ಗಡೆ ಯಾರಾದ್ರೂ ಕೊಸರು ಕೇಳಿದ್ರೇನೆ?"

"ಇಲ್ಲ ಅತ್ತೆ. ಪಾಪ, ಒಳ್ಳೆ ಜನ. ಕೊಟ್ಟಷ್ಟು ತಗೊಂತಾರೆ."

ಅಳತೆಯ ಮೇಲೆ ಒಂದು ಹಿಡಿ ಜಾಸ್ತಿ ಹಾಕಿಸಿಕೊಳ್ಳದೆ ಯಾರಾದರೂ ಅವರೆ ಕೊಂಡದ್ದನ್ನು ಮುದುಕಿ ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ. "ಊಂ" ಅಂದು ಇನ್ನೊಂದು ಕಾಳು ಎತ್ತಿಕೊಂಡಳು. ಸೊಸೆಯ ಮುಖದಲ್ಲಿದ್ದ ನಗು ಅವಳ ಬಾಯಿ ಕಟ್ಟಿತು.

ಅಷ್ಟರಲ್ಲಿ ಊರಿಂದ ಕಾವ್ಯಾಳ ತಾಯಿ ಮಹಾಂತಮ್ಮ ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಟೆರೇಸಿನ ಮೇಲೆ ಬಟ್ಟೆ ಒಣಹಾಕುತ್ತಿದ್ದ ಶ್ಯಾಮಲಾಳನ್ನು ಕಂಡು ತಾವಾಗಿಯೇ ಹತ್ತಿರ ಬಂದರು.

"ನೀವ ಅಲ್ಲೇನ್ರಿ ಓನರ್ ಬಾಯಾರು? ಒಂದು ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮ ಕಾವ್ಯಾನ ಫ್ರಿಜ್ಜು ತಗದ್ರ ಬರೇ ನೀವು ಕೊಟ್ಟ ಬ್ಯಾಳೀನ ಅದಾವ. ಅವನ್ನ ಹ್ಯಾಂಗ ಮಾಡೂದು?"

ಶ್ಯಾಮಲಾ ನಕ್ಕಳು. "ಕಾವ್ಯಂಗೆ ಗೊತ್ತಲ್ಲಮ್ಮ, ಯಾವಾಗ್ಲೂ ತಗೊಂತಾಳಲ್ಲ."

"ಆಕಿಗೆ ಚಾ ಕಾಸಾಕ ನೆಟ್ಟಗ ಬರಂಗಿಲ್ಲ ತಂಗಿ! ಮತ್ಯಾಕ ತಗೊಂಡಿ ಅಂತ ನಾನೂ ಕೇಳಿದೆ. ಓನರು ಮನಿ ಬಾಗಿಲಿಗೆ ಬಂದು ಕೊಟ್ರ ಬ್ಯಾಡ ಅನ್ನಾಕ ಆಗತೈತೇನವ್ವ ಅಂತಾಳ. ಕೆಳಗಿನ ಹುಡುಗ್ರೂ ಹಂಗ ಅಂತಾರಂತ."

ಮಹಾಂತಮ್ಮನಿಗೆ ತಾವೇನು ಅಂದೆವು ಎಂಬುದರ ಅಂದಾಜೂ ಇರಲಿಲ್ಲ. ಶ್ಯಾಮಲಾ ಒದ್ದೆ ಬಟ್ಟೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಕೆಳಗಿಳಿದಳು. ಗೇಟಿನ ಪಕ್ಕದ ಹಸಿ ಕಸದ ಡಬ್ಬದ ಮುಚ್ಚಳ ತೆಗೆದು ನೋಡಿದಳು. ತರಕಾರಿ ಸಿಪ್ಪೆ, ಟೀ ಪುಡಿಯ ಚರಟ, ಅದರ ನಡುವೆ ಅವಳ ಪ್ಯಾಕೆಟ್ಟು, ಕಟ್ಟಿದ ದಾರ ಕೂಡ ಬಿಚ್ಚಿರಲಿಲ್ಲ. ಒಳಗೆ ಬೇಳೆ ಹುಳಿತು ನೊರೆ ಬಂದಿತ್ತು. ಅವಳಿಗೆ ಮುಖ ಉರಿಯಿತು. ತಾನು ಮಾರಿದ್ದು ಬೇಳೆಯನ್ನಲ್ಲ. ಬಾಡಿಗೆ ಕೇಳುವ ಮುಖವನ್ನೇ ತೋರಿಸಿ, ಇನ್ನೊಂದು ಬಾಡಿಗೆ ವಸೂಲಿ ಮಾಡಿಕೊಂಡು ಬಂದಿದ್ದಳು.

ಮಾನವಂತೆ ಹೆಂಗಸು. ಮರುದಿನವೇ ಪೋಸ್ಟಾಫೀಸಿನಿಂದ ದುಡ್ಡು ಬಿಡಿಸಿ, ಯಾರ್‍ಯಾರದು ಎಷ್ಟೋ ಅಷ್ಟನ್ನು ವಾಪಸ್ ಕೊಡಲು ಮಹಡಿ ಹತ್ತಿದಳು. ಇಲ್ಲಿ ಇನ್ನೊಂದು ಎಡವಟ್ಟಾಯಿತು. ಬೆಂಗಳೂರಿನಲ್ಲಿ ಮನೆ ಓನರು ತಾವಾಗಿ ಬಾಗಿಲು ಬಡಿದು ದುಡ್ಡು ವಾಪಸ್ ಕೊಟ್ಟರೆ ಅದಕ್ಕೆ ಒಂದೇ ಅರ್ಥ. ಒಡಿಶಾದ ಹುಡುಗನ ಮುಖ ಬಿಳಿಚಿಕೊಂಡಿತು. "ಅಕ್ಕ, ರೂಮ್ ಖಾಲಿ ಮಾಡಬೇಕಾ?" ಅಂದ. ನರ್ಸ್ ದುಡ್ಡು ಮುಟ್ಟಲೇ ಇಲ್ಲ. ಅವಳ ಗಂಡ ಆಗಲೇ ನಂದೀಶನಿಗೆ ಫೋನ್ ಮಾಡಿ, "ಸಾರ್, ನಾವು ಏನ್ ತಪ್ಪು ಮಾಡಿದ್ವಿ? ಮಗು ಸ್ಕೂಲಿಗೆ ಸೇರಿಸಿದೀವಿ ಸಾರ್" ಅಂತ ಬೇಡಿಕೊಂಡ.

ನಂದೀಶ ಗಾಬರಿಯಿಂದ ಮನೆಗೆ ಬಂದ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕ. ಹೆಂಡತಿಯ ಕಣ್ಣು ನೋಡಿ ನಗು ನಿಲ್ಲಿಸಿದ.

"ಅಯ್ಯೋ ಹುಚ್ಚಿ, ಇದಕ್ಕೆಲ್ಲ ಅಳ್ತಾರಾ? ನಿಂಗೆ ಎಷ್ಟು ಬೇಕು ಹೇಳು, ನಾನ್ ಕೊಡ್ತೀನಿ."

ಪ್ರೀತಿಯಿಂದಲೇ ಅಂದ. ಅವನು ಎರಡು ಏಟು ಹೊಡೆದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ, ನೆನೆಹಾಕಿದ್ದ ಕಾಳಿನ ಪಾತ್ರೆ ಎತ್ತಿ, ಹಿತ್ತಲಲ್ಲಿ ಕಟ್ಟಿದ್ದ ಹಸುವಿಗೆ ಸುರಿದು ಬರುತ್ತೇನೆಂದು ಹೊರಟಳು.

ಹಿತ್ತಲ ಬಾಗಿಲಲ್ಲಿ ಚಿಕ್ಕಮುನಿಯಮ್ಮ ಅಡ್ಡ ಕೂತಿದ್ದಳು. "ಇಳಿಸು ಕೆಳಕ್ಕೆ" ಅಂದಳು.

"ಬೇಡ ಅತ್ತೆ. ನಂಗೆ ಈ ವ್ಯಾಪಾರದ ಯೋಗ್ಯತೆ ಇಲ್ಲ."

"ನೀನ್ ವ್ಯಾಪಾರ ಮಾಡ್ದೋಳೇ ಅಲ್ವಲ್ಲೇ, ಯೋಗ್ಯತೆ ಎಂಗೆ ಗೊತ್ತಾಯ್ತದೆ? ಬಾಡಿಗೆಯೋರು ಯಾವತ್ತಾದ್ರೂ ಬ್ಯಾಡ ಅಂತಾರಾ? ಕೊಸರು ಕೇಳ್ದೆ ತಗೊಂಡ್ ಓಗೋರು ಎಂಗೆ ಗಿರಾಕಿ ಆಗ್ತಾರೆ? ನಂಗೆ ಮೊದಲೇ ಅನ್ನುಸ್ತು. ನೀನು ನಗ್ತಿದ್ದೆ, ಏಳಕ್ಕೆ ಬಾಯಿ ಬರ್ಲಿಲ್ಲ." ಮುದುಕಿ ಸೊಸೆಯ ಕೈಯಿಂದ ಪಾತ್ರೆ ಇಸಿದುಕೊಂಡಳು. "ನಾಳೆ ಸಾಯಂಕಾಲ ನಂಜೊತೆ ಬಾ. ನಮ್ಮನ್ನ ಯಾರೂ ಕಾಣ್ದಿರೋ ಕಡೆ ಓಗಾಣ."

ಸರ್ಜಾಪುರದ ಸುತ್ತ ಅರ್ಧ ಜನಕ್ಕೆ ಇವರ ಮನೆತನ ಗೊತ್ತು. ಅದಕ್ಕೇ ಮುದುಕಿ ಎಲೆಕ್ಟ್ರಾನಿಕ್ ಸಿಟಿ ಎಂದು ತೀರ್ಮಾನ ಮಾಡಿದ್ದಳು. ಮರುದಿನ ಹೊರಡುವಾಗ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಸರ ಬಿಚ್ಚಿಡು. ಇಷ್ಟೊಂದು ವಡವೆ ಆಕ್ಕಂಡು ಕೂತ್ರೆ ಯಾರು ಚೌಕಾಸಿ ಮಾಡಕ್ಕೆ ಬರ್ತಾರೆ?" ತಾನೂ ಕಿವಿಯ ದೊಡ್ಡ ವಾಲೆ ಬಿಚ್ಚಿ ಸೆರಗಿನ ತುದಿಗೆ ಕಟ್ಟಿದಳು. ಅಟ್ಟದ ಮೇಲಿಂದ ಕಾಳು ಅಳೆಯುವ ಹಳೆಯ ಹಿತ್ತಾಳೆ ಪಾವು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದಳು.

ಬಾಗಿಲಲ್ಲಿ ನಂದೀಶ ಎದುರಾದ. ಬುಟ್ಟಿ ನೋಡಿದ, ತಾಯಿಯ ಖಾಲಿ ಕಿವಿ ನೋಡಿದ.

"ಅಮ್ಮಾ, ಏನಿದು? ಬೀದೀಲಿ ಕೂತು ಮಾರ್ತೀರಾ? ಜನ ಏನಂತಾರೆ?"

"ನೀನು ಇಸ್ಕೂಲಿಗೆ ಓಗೋವಾಗ ಜನ ಏನಂದ್ರಪ್ಪಾ? ನಿನ್ ಪೀಜು ನಾನು ಮಾರ್ಕೆಟ್ಟಲ್ಲಿ ಅವರೆಕಾಯಿ ಮಾರಿ ಕಟ್ಟಿದ್ದು. ದಾರಿ ಬಿಡು."

ನಂದೀಶ ದಾರಿ ಬಿಟ್ಟ. ಆಟೋದಲ್ಲಿ ಕೂತ ಮೇಲೆ ಚಿಕ್ಕಮುನಿಯಮ್ಮ ಹೊರಗೆ ನೋಡುತ್ತಾ, ಸೊಸೆಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಎಂಬಂತೆ ಅಂದಳು. "ನಾನೂ ದುಡ್ದೆ ಕಣೆ, ಬೇಕಾದಷ್ಟು ದುಡ್ದೆ. ಮನೆಗೆ ಬಂದೇಟ್ಗೆ ಸೆರಗಿನ ಗಂಟು ಬಿಚ್ಚಿ ನಿಮ್ ಮಾವನ ಕೈಗೆ ಕೊಡ್ತಿದ್ದೆ. ಮಾರನೇ ದಿನ ಎಲೆ ಅಡಿಕೆಗೆ ಅವ್ರ ಅತ್ರಾನೇ ಕೇಳ್ತಿದ್ದೆ. ನೀನು ಅಂಗೆ ಮಾಡ್ಬ್ಯಾಡ."

ಶ್ಯಾಮಲಾ ಅವಳ ಕಡೆ ಸರಿದು ಕೂತಳು. ಅತ್ತೆಯ ಕೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದರಲ್ಲೂ ಅವರೆ ಸೊಗಡಿತ್ತು.

ಮೇಲ್ಸೇತುವೆಯ ಕೆಳಗೆ, ಕಂಪನಿ ಬಸ್ಸುಗಳು ನಿಲ್ಲುವ ಕಡೆ, ಹೂವಿನವಳೊಬ್ಬಳು ಸ್ವಲ್ಪ ಸರಿದು ಜಾಗ ಕೊಟ್ಟಳು. ಗೋಣಿಚೀಲ ಹಾಸಿ, ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಕೂತರು. ಬಸ್ಸು ಬಂತು, ಜನ ಇಳಿದರು, ಜನ ಹೋದರು. ಯಾರೂ ತಿರುಗಿಯೂ ನೋಡಲಿಲ್ಲ. ಮಹಡಿ ಮೇಲೆ ಎಲ್ಲ ಬಾಗಿಲೂ ತೆರೆದುಕೊಳ್ಳುತ್ತಿದ್ದ ಶ್ಯಾಮಲಾಗೆ ಇದು ಹೊಸದು. ಎದ್ದು ಹೋಗೋಣ ಎನ್ನುವಷ್ಟರಲ್ಲಿ ಚಿಕ್ಕಮುನಿಯಮ್ಮ ಬಾಯಿ ತೆರೆದಳು.

"ಸೊಗಡವ್ರೇ! ಇದ್ಕಿದ್ ಬ್ಯಾಳೇಏ!"

ಎಪ್ಪತ್ತು ದಾಟಿದ ಗಂಟಲು ಅದು ಅಂತ ಯಾರೂ ಹೇಳುತ್ತಿರಲಿಲ್ಲ. ಹೂವಿನವಳು ಬೆಚ್ಚಿಬಿದ್ದಳು. ಕುತ್ತಿಗೆಗೆ ಫ್ಯಾಕ್ಟರಿ ಗುರುತಿನ ಕಾರ್ಡು ಹಾಕಿಕೊಂಡ, ನಡುವಯಸ್ಸಿನ ಒಬ್ಬ ಹೆಂಗಸು ನಿಂತಳು. ಬಗ್ಗಿ ನಾಕು ಬೇಳೆ ಎತ್ತಿ ಮೂಸಿದಳು.

"ಪಾವಿಗೆ ಎಷ್ಟಮ್ಮ?"

"ಅರವತ್ತು" ಅಂದಳು ಶ್ಯಾಮಲಾ.

"ಅರವತ್ತಾ? ಏನು, ಚಿನ್ನ ಹಿದುಕಿದೀರಾ?" ಬೇಳೆಯನ್ನು ಬುಟ್ಟಿಗೆ ಹಾಕಿ, ಕೈ ಕೊಡವಿ, ಹೊರಟೇಹೋದಳು.

ಶ್ಯಾಮಲಾ ಎದ್ದು ಕೂಗಬೇಕೆಂದಿದ್ದಳು, ನಲವತ್ತಕ್ಕೆ ತಗೊಳ್ಳಿ, ಮೂವತ್ತಕ್ಕೆ ತಗೊಳ್ಳಿ. ಅತ್ತೆ ಅವಳ ಮುಂಗೈ ಹಿಡಿದು ಕೂರಿಸಿದಳು. "ತಡಿ. ಮೂಗಿಗೆ ವಾಸ್ನೆ ಓಗೈತೆ. ಅದು ಸುಮ್ಕೆ ಬಿಡಲ್ಲ."

ಆ ಹೆಂಗಸು ರಸ್ತೆ ದಾಟುವ ಕಡೆ ನಿಂತಳು. ಒಂದು ಬಸ್ಸು ಹೋಗಲು ಬಿಟ್ಟಳು. ಆಮೇಲೆ ತಾನು ಬೇರೆ ಯಾವುದೋ ಕೆಲಸಕ್ಕೆ ಬಂದವಳ ಹಾಗೆ ಮುಖ ಮಾಡಿಕೊಂಡು ಹಿಂದಕ್ಕೆ ಬಂದಳು.

"ಐವತ್ತು ಮಾಡ್ಕೊಳಿ."

"ಐವತ್ತೈದು" ಅಂದಳು ಶ್ಯಾಮಲಾ. ಎಲ್ಲಿಂದ ಬಂತೋ ಧೈರ್ಯ, ಅವಳಿಗೇ ಗೊತ್ತಿಲ್ಲ.

"ಸರಿ, ಅಳೀರಿ. ಏ, ಇಷ್ಟೇನಾ? ಕೊಸರು ಹಾಕಮ್ಮ! ನೋಡಕ್ಕೆ ಲಕ್ಷಣವಾಗಿದೀರ, ಕೈ ಯಾಕೆ ಇಷ್ಟು ಗಿಡ್ಡ?"

ಶ್ಯಾಮಲಾ ಹಿಡಿ ತುಂಬ ಬೇಳೆ ತೆಗೆದು ಅವಳ ಊಟದ ಡಬ್ಬಕ್ಕೆ ಹಾಕಿದಳು. ಇನ್ನೊಂದು ಹಿಡಿಗೆ ಕೈ ಹೋಗುತ್ತಿತ್ತು, ಅತ್ತೆ ಕೆಮ್ಮಿ ತಡೆದಳು. ಆ ಹೆಂಗಸು ಕೊಟ್ಟ ನೋಟನ್ನು ಶ್ಯಾಮಲಾ ಕಣ್ಣಿಗೆ ಒತ್ತಿಕೊಂಡಳು. ಬೋಣಿಯ ದುಡ್ಡು ಕಣ್ಣಿಗೆ ಒತ್ತುವುದು ಎಲ್ಲ ವ್ಯಾಪಾರದವರ ರೂಢಿ. ಒತ್ತಿದ ಕೈ ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವತ್ತು ಅರ್ಧ ಬುಟ್ಟಿ ಮನೆಗೆ ವಾಪಸ್ ಬಂತು. ಮರುದಿನ ಅದೇ ಹೆಂಗಸು ದೂರದಿಂದಲೇ ಜೋರಾಗಿ ಬಂದಳು.

"ಏನ್ರೀ, ನಿನ್ನೆ ಬೇಳೇಲಿ ಸಿಪ್ಪೆ ಹಂಗೇ ಇತ್ತು! ನಮ್ಮನೆಯವ್ರು ಒಂದೊಂದೇ ಎತ್ತಿ ತಟ್ಟೆ ಅಂಚಿಗೆ ಇಟ್ರು, ಅನುಸೂಯ ನಿಂಗೆ ಕಣ್ಣಿಲ್ವಾ ಅಂತ ನನ್ನ ಬೈದ್ರು. ದುಡ್ಡು ತಗೊಂತೀರಲ್ಲ, ನೆಟ್ಟಗೆ ಹಿದುಕಕ್ಕೆ ಆಗಲ್ವಾ?"

ಬೈಸಿಕೊಳ್ಳುತ್ತಾ ಶ್ಯಾಮಲಾಗೆ ಎದೆ ತುಂಬಿ ಬಂತು. ತನ್ನ ಬೇಳೆ ಯಾರದೋ ಮನೆಯ ಒಲೆ ಮೇಲೆ ಕುದಿದಿದೆ. ತಟ್ಟೆಗೆ ಬಂದಿದೆ. ಗಂಡ ಹೆಂಡತಿ ಅದರ ಮೇಲೆ ಜಗಳ ಆಡಿದ್ದಾರೆ. "ತಪ್ಪಾಯ್ತು ಅಕ್ಕ, ಇವತ್ತು ನೋಡಿ ಹಿದುಕಿದೀನಿ" ಅಂದಳು.

"ನೋಡ್ತೀನಿ. ಎರಡು ಪಾವು ಕೊಡಿ. ಕೊಸರು ಮರೀಬೇಡಿ" ಅಂದಳು ಅನುಸೂಯಮ್ಮ.

ಸಂಕ್ರಾಂತಿ ಹತ್ತಿರ ಬರುವ ಹೊತ್ತಿಗೆ ಬುಟ್ಟಿ ಖಾಲಿಯಾಗಿ ಬರುತ್ತಿತ್ತು. ಪೋಸ್ಟಾಫೀಸಿನ ಖಾತೆಗೆ ಮತ್ತೆ ದುಡ್ಡು ಬೀಳತೊಡಗಿತು. ಮೊದಲು ಬಿದ್ದಷ್ಟು ಬೇಗ ಬೀಳುತ್ತಿರಲಿಲ್ಲ, ಆದರೆ ಬಿದ್ದದ್ದನ್ನು ಯಾರಿಗೂ ವಾಪಸ್ ಕೊಡಬೇಕಾಗಿರಲಿಲ್ಲ. ಮಹಾಂತಮ್ಮ ಊರಿಗೆ ಹೋಗುವ ಮುಂಚೆ ಶ್ಯಾಮಲಾಳ ಅಡುಗೆಮನೆಯಲ್ಲಿ ನಿಂತು ಸಾರು ಕಲಿತು, ಮಗಳಿಗೂ ಕಲಿಸಿ, ಇದು ಮುದ್ದೆಗಿಂತ ರೊಟ್ಟಿಗೇ ಚಂದ ಒಗ್ಗುತ್ತದೆ ಅಂತ ತೀರ್ಪು ಕೊಟ್ಟು ಹೋದರು. ಮಹಡಿಯ ಮನೆಗಳಿಗೆ ಮಾತ್ರ ಶ್ಯಾಮಲಾ ಮತ್ತೆ ಬೇಳೆ ಹೊತ್ತುಕೊಂಡು ಹೋಗಲಿಲ್ಲ. ಬೇಕಾದವರು ಕೆಳಗೆ ಬರಲಿ ಅಂದುಕೊಂಡಳು. ಕಾವ್ಯಾ ಒಮ್ಮೊಮ್ಮೆ ಡಬ್ಬ ಹಿಡಿದು ಇಳಿದು ಬರುತ್ತಿದ್ದಳು. ಅದೂ ಭಯಕ್ಕೆ ಬರುತ್ತಿದ್ದಾಳೋ ಏನೋ ಅಂತ ಶ್ಯಾಮಲಾಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದೇ ಇತ್ತು.

ಒಂದು ಭಾನುವಾರ ಅತ್ತೆ ಸೊಸೆ ಹಜಾರದಲ್ಲಿ ಕಾಳು ಹಿದುಕುತ್ತಿದ್ದಾಗ ಕಾವ್ಯಾ ಮೆಟ್ಟಿಲಿಳಿದು ಹೊರಗೆ ಹೊರಟಿದ್ದಳು. ಶ್ಯಾಮಲಾ ತಡೆಯಲಾರದೆ ಕೇಳಿಯೇಬಿಟ್ಟಳು. "ಕಾವ್ಯಾ, ಒಂದ್ ಪಾವು ತೆಗೆದಿಡ್ಲಾ?"

ಕಾವ್ಯಾ ಚಪ್ಪಲಿ ಮೆಟ್ಟುತ್ತಾ ತಲೆ ಎತ್ತದೆಯೇ ಅಂದಳು. "ಇವತ್ತು ಬ್ಯಾಡ ಅಕ್ಕ. ಹೋದ ಸಲ ಕಾಳು ಸ್ವಲ್ಪ ಬಲಿತಿದ್ವು, ಬೇಯಾಕ ಭಾಳ ಹೊತ್ತಾತು. ನಾಳೆ ಎಳೇವು ಇದ್ರ ಕೊಡ್ರಿ." ಅಷ್ಟು ಹೇಳಿ ಗೇಟು ದಾಟಿ ಹೋದಳು. ತಾನು ಓನರಿಗೆ ಬೇಡ ಅಂದೆ ಎನ್ನುವುದು ಅವಳ ಗಮನಕ್ಕೇ ಬಂದಿರಲಿಲ್ಲ.

ಶ್ಯಾಮಲಾ ಅತ್ತೆಯ ತೊಡೆ ಹಿಡಿದು ಅಲ್ಲಾಡಿಸಿದಳು. "ಅತ್ತೆ, ಕೇಳುಸ್ತಾ? ಕಾವ್ಯಾ ಬೇಡ ಅಂದ್ಲು! ಬಲಿತಿದೆ ಅಂತ ತಪ್ಪು ಬೇರೆ ಹೇಳಿದ್ಲು!"

"ಕೇಳುಸ್ತು ಬಿಡೆ, ನಂಗೇನ್ ಕಿವುಡಾ?" ಅಂದಳು ಚಿಕ್ಕಮುನಿಯಮ್ಮ. ಆದರೆ ಅವಳೂ ನಗುತ್ತಿದ್ದಳು.

ಪೇಪರ್ ಓದುತ್ತಿದ್ದ ನಂದೀಶ ತಲೆ ಎತ್ತಿದ. "ಬೇಡ ಅಂದ್ರೆ ಯಾರಾದ್ರೂ ಖುಷಿ ಪಡ್ತಾರಾ? ಯಾಕೆ?"

ಅದೇ ಯಾಕೆ. ಅವಳಿಗೆ ಈ ಸಲ ಅದು ಚುಚ್ಚಲಿಲ್ಲ. "ಬೇಡ ಅನ್ನಕ್ಕೆ ಅವಳಿಗೆ ಹೆದರಿಕೆ ಆಗ್ಲಿಲ್ಲ ಕಣ್ರೀ. ಅಂದ್ಮೇಲೆ ನಾಳೆ ಬೇಕು ಅಂದ್ರೆ, ನಿಜವಾಗ್ಲೂ ಬೇಕಾಗಿಯೇ ಕೇಳ್ತಾಳೆ." ಕೈಯಲ್ಲಿದ್ದ ಕಾಳು ಹಿದುಕಿ ಮತ್ತೆ ಅಂದಳು. "ಅಕ್ಕನ ಮಗಳ ಮದುವೆಗೆ ಓಲೆ ನಾನೇ ತರ್ತೀನಿ. ನೀವು ಕೊಡ್ಸೋದಕ್ಕಿಂತ ಸಣ್ಣದಿರುತ್ತೆ."

ನಂದೀಶ ಬಾಯಿ ತೆರೆದ. ಅಲ್ಲಿ ಆ ಮಾತು ಬಂದು ನಿಂತದ್ದು ಅವಳಿಗೂ ಕಂಡಿತು, ಅತ್ತೆಗೂ ಕಂಡಿತು. ಅವನು ಬಾಯಿ ಮುಚ್ಚಿಕೊಂಡ. ಹೆಂಡತಿಯ ಬೆರಳುಗಳನ್ನು ನೋಡಿದ, ನೆನೆದು ನೆನೆದು ತುದಿಯೆಲ್ಲ ಸುಕ್ಕುಗಟ್ಟಿದ್ದವು.

"ಆಗಲಿ" ಅಂದ. ಪೇಪರ್ ಮಡಿಸಿಟ್ಟು, ಪಂಚೆ ಎತ್ತಿ ಕಟ್ಟಿ, ಬಂದು ಅವಳ ಪಕ್ಕ ನೆಲದ ಮೇಲೆ ಕೂತು ಒಂದು ಕಾಳು ಎತ್ತಿಕೊಂಡ. ಹಿದುಕಿದ. ಬೇಳೆ ಹಾರಿ ಹೋಗಿ ತಾಯಿಯ ಕೆನ್ನೆಗೆ ಬಡಿಯಿತು, ಸಿಪ್ಪೆ ಪಾತ್ರೆಗೆ ಬಿತ್ತು.

ಚಿಕ್ಕಮುನಿಯಮ್ಮ ಆ ಸಿಪ್ಪೆಯನ್ನು ಎತ್ತಿ ಮಗನ ಕೈಗೇ ಇಟ್ಟಳು. "ನೋಡ್ಕಂಡು ಮಾಡೋ. ನಾಳೆ ಅನುಸೂಯಮ್ಮ ಬೈದ್ರೆ ನನ್ ಸೊಸೆ ಬೈಸ್ಕಬೇಕು."